ಎರಡು ಸಣ್ಣ ಸೀಟಿ

ಫೆಬ್ರವರಿ 4

ಕಪ್ಪೆಗೆ,

ಕೊನೆಗೂ ನಾನೇ ಮೊದಲು ಬರೆಯಬೇಕಾಯಿತು ನೋಡು. ನಿನ್ನ ಅಮ್ಮನಿಗೂ ಇದೇ ಜಂಬವಿತ್ತು. ಜಗಳವಾದ ಮೇಲೆ ನನ್ನ ತಂಗಿ ತಾನಾಗಿ ಒಂದು ಮಾತು ಮೊದಲು ಆಡಿದ್ದನ್ನು ನಾನು ಕಾಣೆ. ಅವಳು ಹೋದ ಮೇಲೆ ನಿನ್ನನ್ನು ಸಾಕಿದ್ದು ನಾನು, ಈಜು ಕಲಿಸಿದ್ದು ನಾನು, ಜಂಬ ಮಾತ್ರ ಅವಳದ್ದೇ ಬಂತು. ಇರಲಿ. ನನಗೇನೂ ಸಿಟ್ಟಿಲ್ಲ. ವಿಳಾಸವನ್ನು ಈ ಊರಿನ ನಿನ್ನ ಗೆಳತಿಯಿಂದ ಗದರಿಸಿ ತೆಗೆದುಕೊಂಡೆ, ಅವಳ ಮೇಲೆ ರೇಗಬೇಡ.

ಈಜುಕೊಳದ ಸುದ್ದಿ ಹೇಳುತ್ತೇನೆ. ಆಳದ ಕಡೆ ಟೈಲ್ಸ್ ಅಲ್ಲಲ್ಲಿ ಎದ್ದಿವೆ. ಒಂದನೇ ಲೇನಿನ ಹಗ್ಗ ಗಾಳಿಯಿಲ್ಲದಿದ್ದರೂ ಎಂದಿನಂತೆ ಅಲುಗಾಡುತ್ತದೆ, ಪಂಪಿನ ಕಾಟ ಎಂದೇ ಮೆಕ್ಯಾನಿಕ್ ಇವತ್ತಿಗೂ ಹೇಳುತ್ತಾನೆ. ಹೊಸ ಹುಡುಗಿಯರ ಬ್ಯಾಚು ಬಂದಿದೆ. ನೀರಿಗೆ ಇಳಿಯುವ ಮೊದಲು ಕನ್ನಡಿ ನೋಡಿಕೊಳ್ಳುವವರು. ಆಫೀಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಮ್ಮ ಗುರಿಯ ಸಮಯ ಹಾಗೇ ಇದೆ. ಸುಣ್ಣ ಬಳಿಯಲು ಬಂದವನಿಗೆ ಆ ಜಾಗ ಬಿಟ್ಟು ಬಳಿ ಎಂದೆ.

ಈಗ ಮುಖ್ಯ ವಿಷಯ. ಮಧ್ಯಾಹ್ನ ಗೇಟು ಹಾಕಿದ ಮೇಲೆ ನೀನು ಬಂದು ಈಜುತ್ತಿರುವುದು ನನಗೆ ಗೊತ್ತಾಗಿದೆ. ನಾಲ್ಕನೇ ಲೇನು, ನಿನ್ನದೇ ಲೇನು. ಊಟದ ಡಬ್ಬಿ ಬಿಚ್ಚಿ ಕೂತಾಗ ನೀರು ಸೀಳುವ ಸದ್ದು ಕೇಳುತ್ತದೆ. ನಾನು ಕಿಟಕಿಗೆ ಬರುವಷ್ಟರಲ್ಲಿ ನೀನು ಮುಳುಗಿರುತ್ತೀಯ. ಉಸಿರು ಹಿಡಿಯಲು ಕಲಿಸಿದವಳ ಮೇಲೆಯೇ ವಿದ್ಯೆ ತೋರಿಸುತ್ತೀಯಾ? ಕದ್ದು ಬರಬೇಡ, ಎದುರಿಗೆ ಬಾ. ಹಳೆಯದನ್ನು ನಾನು ಎತ್ತುವುದಿಲ್ಲ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಕೊಳದ ಸುತ್ತ ಎಲ್ಲಿಯೂ ಒದ್ದೆ ಹೆಜ್ಜೆ ಕಾಣುವುದಿಲ್ಲ. ನೀನು ಯಾವ ಕಡೆಯಿಂದ ಮೇಲೆ ಬರುತ್ತೀಯ?

ನಿನ್ನ ದೊಡ್ಡಮ್ಮ

ಫೆಬ್ರವರಿ 15

ದೊಡ್ಡಮ್ಮ,

ನಿಮ್ಮ ಅಕ್ಷರ ನೋಡಿ ಮೊದಲು ಹೆದರಿದೆ, ಆಮೇಲೆ ಖುಷಿಯಾಯಿತು. ಗೆಳತಿಯ ಮೇಲೆ ರೇಗುವುದಿಲ್ಲ. ನೀವು ಗದರಿಸಿದರೆ ಬೀಗವೂ ಬಾಯಿಬಿಡುತ್ತದೆ ಎಂದು ನನಗೆ ಗೊತ್ತು.

ಆದರೆ ನಾನು ಅಲ್ಲಿಗೆ ಬಂದಿಲ್ಲ. ಇಲ್ಲಿಂದ ನಿಮ್ಮಲ್ಲಿಗೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಗೇಟಿನ ಕೀಲಿಯನ್ನು ಹೊರಟ ದಿನವೇ ಆಫೀಸಿನ ಬಾಗಿಲ ಹೊರಗಿನ ಮೊಳೆಗೆ ಹಾಕಿದ್ದೇನೆ, ನೋಡಿ. ಮಧ್ಯಾಹ್ನದ ಹೊತ್ತು ನಾನು ಬೈಂಡಿಂಗ್ ಅಂಗಡಿಯಲ್ಲಿ ಇರುತ್ತೇನೆ. ಕಿರಿದಾದ ಮೆಟ್ಟಿಲು ಹತ್ತಿ ಬಂದರೆ ಉದ್ದನೆಯ ಒಂದೇ ಕೋಣೆ. ಅಚ್ಚಾಗಿ ಬಂದ ಹಾಳೆಗಳನ್ನು ನಾನು ಮಡಚುತ್ತೇನೆ, ಪಕ್ಕದ ಮೇಜಿನವಳು ಹೊಲಿಯುತ್ತಾಳೆ, ಮೇಸ್ತ್ರಿ ಅಂಟು ಹಚ್ಚಿ ರಟ್ಟು ಕೂರಿಸುತ್ತಾರೆ. ಮೊದಲ ದಿನ ಅವರು ನನ್ನ ಅಂಗೈ ಮುಟ್ಟಿ ನೋಡಿ ಒಣಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೆಲಸ ಕೊಟ್ಟರು. ಕಪ್ಪೆ ಈಗ ಒಣನೆಲದ ಪ್ರಾಣಿ. ಇಲ್ಲಿ ಯಾರೂ ಗಡಿಯಾರ ಹಿಡಿದು ತಲೆಯ ಮೇಲೆ ನಿಲ್ಲುವುದಿಲ್ಲ. ಒಂದು ಪುಸ್ತಕ ಮುಗಿದರೆ ಮುಗಿಯಿತು. ನನಗೆ ಈ ಕೆಲಸ ತುಂಬ ಇಷ್ಟ.

ಮಧ್ಯಾಹ್ನ ಎಂದಿರಲ್ಲ, ಎಷ್ಟು ಹೊತ್ತಿಗೆ? ಸುಮ್ಮನೆ ಕೇಳಿದೆ.

ನಿಮ್ಮ ಕೈ ಹೇಗಿದೆ? ನೀರಿಗೇ ಇಳಿಯದ ನಿಮ್ಮ ಬೆರಳ ತುದಿ ಯಾವಾಗಲೂ ನೆನೆದು ನೆರಿಗೆ ಕಟ್ಟಿರುತ್ತಿತ್ತು, ಮುಲಾಮು ಹಚ್ಚುತ್ತಿದ್ದೀರಾ? ಬರಿಗಾಲಲ್ಲಿ ಓಡಾಡಬೇಡಿ. ಬಲಗಾಲಿನ ಆ ಕಿರುಬೆರಳು ನೆಲ ಮುಟ್ಟದೆ ಜಂಬದಿಂದ ಮೇಲೆದ್ದಿರುತ್ತದೆ, ಎದ್ದ ಟೈಲ್ಸಿಗೆ ಅದೇ ಮೊದಲು ಸಿಗುವುದು.

ಇಂತಿ,
ಕಪ್ಪೆ

ಫೆಬ್ರವರಿ 24

ಕಪ್ಪೆ,

ಕೀಲಿ ಮೊಳೆಯಲ್ಲೇ ಇದೆ. ಜೇಡ ಅದಕ್ಕೆ ಬಲೆ ಕಟ್ಟಿದೆ.

ನಿನ್ನ ಮಾತು ನಂಬಬೇಕೋ ಬೇಡವೋ ತಿಳಿಯದೆ ಮೂರು ಮಧ್ಯಾಹ್ನ ಕೊಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬಿಸಿಲು ಸುಡುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ನಾಲ್ಕನೇ ಲೇನಿನ ನೀರು ಎರಡಾಗಿ ಸೀಳಿಕೊಂಡು ಈ ತುದಿಯಿಂದ ಆ ತುದಿಗೆ ಹೋಯಿತು. ಮೇಲೆ ಯಾರೂ ಇಲ್ಲ, ಒಳಗೂ ಯಾರೂ ಇಲ್ಲ. ತಳದ ಕಪ್ಪು ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನೀರು ಮಾತ್ರ ಕೈ ಬೀಸುತ್ತಿತ್ತು, ಕಾಲು ಬಡಿಯುತ್ತಿತ್ತು, ಗೋಡೆ ಮುಟ್ಟಿ ತಿರುಗುತ್ತಿತ್ತು.

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಎಡಗೈ ಇನ್ನೂ ಅಗಲಕ್ಕೆ ಬೀಳುತ್ತಿದೆಯಲ್ಲ ಎಂದು ಸಿಟ್ಟು ಬಂತು. ಆ ಎಡಗೈಯನ್ನು ತಿದ್ದಲು ನಾನು ಎಷ್ಟು ವರ್ಷ ಗಂಟಲು ಹರಿದುಕೊಂಡಿಲ್ಲ! ನಿನ್ನನ್ನು ನಾನು ಗುರುತಿಸಲಾರೆನೇ? ಅಭ್ಯಾಸಬಲ, ಕೂಗಿಯೇಬಿಟ್ಟೆ. "ಎಡಗೈ ಒಳಗೆ ತಗೋ!"

ಮುಂದಿನ ಸುತ್ತಿನಲ್ಲಿ ಎಡಗೈ ಒಳಗೆ ಬಂತು. ಎದುರಾಡದೆ, ಮುಖ ಊದಿಸದೆ. ನಾನು ಡಬ್ಬಿ ಮುಚ್ಚಿಟ್ಟು ಸ್ಟಾಪ್‌ವಾಚ್ ತಂದೆ.

ದೊಡ್ಡಮ್ಮ

ಮಾರ್ಚ್ 6

ದೊಡ್ಡಮ್ಮ,

ನೀವು ಕೂಗಿದ್ದು ಯಾವ ದಿನ? ಎರಡು ವಾರದಿಂದ ನನ್ನ ಎಡಭುಜ ಎತ್ತಲಾಗುತ್ತಿಲ್ಲ.

ಹಿಂದಿನ ಪತ್ರದಲ್ಲಿ ಒಂದು ವಿಷಯ ನುಂಗಿಕೊಂಡಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ತಲೆಗೂದಲು ತಾನಾಗಿ ಒದ್ದೆಯಾಗುತ್ತದೆ. ಕೊಳದ ಕ್ಲೋರಿನ್ ವಾಸನೆ. ಕತ್ತಿನಿಂದ ನೀರು ಇಳಿದು ಬೆನ್ನಿನ ಬಟ್ಟೆ ಅಂಟಿಕೊಳ್ಳುತ್ತದೆ. ಊಟಕ್ಕೆ ಬಿಟ್ಟಾಗಲೆಲ್ಲ ಸ್ನಾನ ಮಾಡುವ ರಾಜಕುಮಾರಿ ಎಂದು ಮೇಸ್ತ್ರಿ ತಮಾಷೆ ಮಾಡುತ್ತಿದ್ದರು. ಈಗ ತಮಾಷೆ ಮಾಡುವುದಿಲ್ಲ. ನಾನು ಮಡಚಿದ ಹಾಳೆಗಳ ಮೇಲೆ ಬೆರಳಿನ ಒದ್ದೆ ಗುರುತು ಬೀಳುತ್ತಿದೆ. ನಿನ್ನೆ ಒಂದು ಕಟ್ಟು ಪೂರ್ತಿ ಹಾಳಾಯಿತು.

ದಯವಿಟ್ಟು ಅಲ್ಲಿ ಕೂರಬೇಡಿ. ನೋಡಬೇಡಿ, ತಿದ್ದಬೇಡಿ. ನೀವು ನೋಡದಿದ್ದರೆ ಅದು ನಿಲ್ಲುತ್ತದೇನೋ.

ಕಪ್ಪೆ

ಮಾರ್ಚ್ 14

ಕಪ್ಪೆ,

ಭುಜ ನೋಯುತ್ತಿದೆಯೆಂದರೆ ಸರಿಯಾಗಿ ಈಜುತ್ತಿದ್ದೀಯ ಎಂದರ್ಥ. ಬಿಸಿನೀರಿನ ಶಾಖ ಕೊಡು, ಮೇಲಕ್ಕೆ ಕೆಳಕ್ಕೆ ಆಡಿಸು, ಹೋಗುತ್ತದೆ.

ಇಲ್ಲಿ ಬಂದು ನೋಡಬೇಕು ನೀನು. ತಿರುವು ಎಷ್ಟು ಚೆನ್ನಾಗಿ ಬರುತ್ತಿದೆ ಗೊತ್ತೆ? ಕಡೆಯ ಸುತ್ತಿನಲ್ಲಿ ಸೋಲುತ್ತಿದ್ದ ಕಾಲು ಈಗ ಸೋಲುತ್ತಿಲ್ಲ. ಗೋಡೆಯ ಮೇಲಿನ ಸಮಯಕ್ಕೂ ನಮಗೂ ಕೂದಲೆಳೆಯಷ್ಟು ಅಂತರ. ಮಧ್ಯಾಹ್ನದ ಹೊತ್ತು ಯಾರೂ ಸುಳಿಯದಿರಲಿ ಎಂದು ಮೆಕ್ಯಾನಿಕ್‌ನನ್ನೂ ಮನೆಗೆ ಕಳಿಸುತ್ತೇನೆ. ಹೆಚ್ಚು ಸುತ್ತು ಹಾಕಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಇಷ್ಟು ಸುಖವಾಗಿ ನಾನು ಯಾರಿಗೂ ಕಲಿಸಿರಲಿಲ್ಲ. ನಿಜ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಅಲ್ಲಿರುವ ನಿನಗಿಂತ ಇಲ್ಲಿರುವವಳು ಹೇಳಿದ ಮಾತು ಕೇಳುತ್ತಾಳೆ.

ಹಾಳೆ ಮಡಚುವ ಕೆಲಸ ಹೋದರೆ ಹೋಗಲಿ ಬಿಡು. ಅದಕ್ಕಾಗಿ ನಾನು ನಿನ್ನನ್ನು ತಯಾರು ಮಾಡಿರಲಿಲ್ಲ.

ದೊಡ್ಡಮ್ಮ

ಮಾರ್ಚ್ 29

ದೊಡ್ಡಮ್ಮ,

ಬರೆಯಲು ತಡವಾಯಿತು. ಆಸ್ಪತ್ರೆಯಲ್ಲಿದ್ದೆ.

ನೀವು ಹೆಚ್ಚು ಸುತ್ತು ಹಾಕಿಸಿದ ಯಾವುದೋ ಮಧ್ಯಾಹ್ನ ಮೆಟ್ಟಿಲ ಮೇಲೆ ಬಿದ್ದೆನಂತೆ. ಮೇಸ್ತ್ರಿ ಹೆಗಲ ಮೇಲೆ ಹೊತ್ತು ತಂದು ಸೇರಿಸಿದರು. ನನ್ನ ಶ್ವಾಸಕೋಶದಲ್ಲಿ ನೀರು ಇತ್ತು. ಎಲ್ಲಿ ಮುಳುಗಿದ್ದು ಎಂದು ಡಾಕ್ಟರು ಕೇಳಿದರು. ಬೈಂಡಿಂಗ್ ಅಂಗಡಿಯ ಮೆಟ್ಟಿಲ ಮೇಲೆ ಎಂದರೆ ಯಾರು ನಂಬುತ್ತಾರೆ? ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಅವರು ನನಗಲ್ಲ, ಮೇಸ್ತ್ರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಮಂಚದ ಮೇಲೆ ಮಲಗಿ ಆ ಕೊನೆಯ ದಿನವನ್ನು ನೆನೆಸಿಕೊಂಡೆ. ಆಯ್ಕೆಯ ಸ್ಪರ್ಧೆಯಲ್ಲಿ ಗುರಿ ಒಂದು ಬೆರಳಿನ ಅಂತರದಲ್ಲಿ ತಪ್ಪಿತು. ಊರಿಗೆ ಮರಳಿದ ಕೂಡಲೇ ನೀವು ನನ್ನನ್ನು ನಮ್ಮ ಕೊಳಕ್ಕೆ ಇಳಿಸಿದಿರಿ. ಉದ್ದನೆಯ ಸೀಟಿ ಊದಿದಿರಿ, ನಾನು ಹೊರಟೆ. ನಮ್ಮಲ್ಲಿ ಇರುವುದು ಒಂದೇ ಕಾನೂನು. ಎರಡು ಸಣ್ಣ ಸೀಟಿ ಊದುವ ತನಕ ಯಾರೂ ನೀರಿನಿಂದ ಏಳುವಂತಿಲ್ಲ. ನೀವು ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಸೀಟಿ ಬರುತ್ತದೆ, ಈಗ ಬರುತ್ತದೆ ಎಂದು ಸಂಜೆಯ ತನಕ ಈಜಿದೆ. ಬರಲಿಲ್ಲ. ಕೊನೆಗೆ ನಾನೇ ಎದ್ದೆ. ಚೀಲ ತೆಗೆದುಕೊಂಡು ಹೊರಟುಬಿಟ್ಟೆ.

ಎದ್ದೆ ಎಂದುಕೊಂಡಿದ್ದೆ, ದೊಡ್ಡಮ್ಮ. ಪೂರ್ತಿ ಎದ್ದಿಲ್ಲ. ನಿಮ್ಮ ಮಾತು ಮೀರಲಾರದವಳೊಬ್ಬಳು ಅಲ್ಲೇ ಉಳಿದಿದ್ದಾಳೆ. ಅವಳು ಸೀಟಿಗೆ ಕಾಯುತ್ತಿದ್ದಾಳೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಊದಿಬಿಡಿ.

ಕಪ್ಪೆ

ಏಪ್ರಿಲ್ 5

ಕಪ್ಪೆ,

ಆಸ್ಪತ್ರೆ ಎಂದಿದ್ದನ್ನು ಎರಡೆರಡು ಸಲ ಓದಿದೆ. ಚೆನ್ನಾಗಿ ಉಣ್ಣು. ಆ ಮೇಸ್ತ್ರಿ ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ, ನಾನು ಕೇಳಿದೆನೆಂದು ಹೇಳು.

ನೀನು ಹೇಳಿದ್ದನ್ನು ನಾನು ಯೋಚಿಸದೆ ಇಲ್ಲ. ಸೀಟಿ ಕತ್ತಿನಲ್ಲೇ ಇದೆ. ಸುತ್ತು ಕಡಿಮೆ ಮಾಡಿದ್ದೇನೆ. ಆದರೆ ಇನ್ನು ಸ್ವಲ್ಪವೇ ಉಳಿದಿರುವುದು. ಗೋಡೆಯ ಮೇಲಿನ ಆ ಸಮಯ ಮುಟ್ಟಿಬಿಡಲಿ, ಅದೇ ದಿನ ಊದುತ್ತೇನೆ. ಒಂದು ವಾರ, ಹೆಚ್ಚೆಂದರೆ ಎರಡು. ದಡದ ಹತ್ತಿರ ಬಂದವಳನ್ನು ಅರ್ಧಕ್ಕೆ ನಿಲ್ಲಿಸುವುದು ನನ್ನಿಂದಾಗದು.

ಊದಿದ ಮೇಲೆ ಏನು ಎಂದು ಯೋಚಿಸಿದ್ದೀಯಾ? ಬೆಳಗಿನ ಹುಡುಗಿಯರು ಬೆಳಗ್ಗೆ ಹೋಗುತ್ತಾರೆ, ಸಂಜೆಯವರು ಸಂಜೆ. ಮನೆಯಲ್ಲಿ ನಿನ್ನ ಕೋಣೆಯ ಬಾಗಿಲು ನಾನು ತೆಗೆಯುವುದಿಲ್ಲ. ನನಗೆ ಇರುವುದು ಈ ಮಧ್ಯಾಹ್ನ ಒಂದೇ. ನೀನು ಹೋಗಿಯಾಯಿತು ಎನ್ನುತ್ತೀಯ. ಇಲ್ಲ, ಹೋಗಿಲ್ಲ. ಇಲ್ಲೇ ಇದ್ದೀಯ, ನಾನು ದಿನಾ ನೋಡುತ್ತಿದ್ದೇನೆ.

ದೊಡ್ಡಮ್ಮ

ಏಪ್ರಿಲ್ 12

ದೊಡ್ಡಮ್ಮ,

ಇದು ಪಕ್ಕದ ಮೇಜಿನ ಗೆಳತಿಯ ಅಕ್ಷರ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಪೆನ್ನು ಹಿಡಿದರೆ ಹಾಳೆ ನೆನೆಯುತ್ತದೆ.

ನಿನ್ನೆ ಮಧ್ಯಾಹ್ನ ಮತ್ತೆ ಉಸಿರು ಕಟ್ಟಿತು. ಬಾಯಿಂದ ನೀರು ಬಂತು. ಗೆಳತಿ ಬೆನ್ನು ಗುದ್ದಿ ಉಳಿಸಿಕೊಂಡಳು.

ಊದಿ ಎಂದು ಇನ್ನು ಕೇಳುವುದಿಲ್ಲ. ಕೇಳಿ ಕೇಳಿ ನಿಮ್ಮನ್ನು ಬದಲಾಯಿಸುತ್ತೇನೆ ಎಂಬ ಹಟ ನನಗೂ ಹಿಡಿಯುತ್ತದೆ, ಆಗ ನಾನೂ ನಿಮ್ಮಂತೆಯೇ ಸ್ಟಾಪ್‌ವಾಚ್ ಹಿಡಿದು ನಿಮ್ಮ ತಲೆಯ ಮೇಲೆ ನಿಂತ ಹಾಗಾಗುತ್ತದೆ. ಬೇಡ. ನಿಮಗೆ ತೋಚಿದಂತೆ ಮಾಡಿ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ, ಅದನ್ನು ಹೇಳಲೆಂದೇ ಈ ಪತ್ರ.

ಇನ್ನೊಂದು ಮಾತು. ಗೋಡೆಯ ಮೇಲಿನ ಆ ಸಮಯ ನನಗೂ ಬೇಕಿತ್ತು. ನಿಮಗಿಂತ ಹೆಚ್ಚು ಬೇಕಿತ್ತು. ಈಗ ಬೇಡವಾಗಿದೆ. ಈ ಬೇಡ ಎನ್ನುವುದನ್ನು ಕಲಿಯುವುದಕ್ಕೆ ಈಜು ಕಲಿತಷ್ಟೇ ಕಷ್ಟವಾಯಿತು.

ಕಪ್ಪೆ

ಏಪ್ರಿಲ್ 20

ನನ್ನ ಕಂದ,

ನಿನ್ನ ಪತ್ರದಲ್ಲಿ ಬೇರೆಯವರ ಅಕ್ಷರ ಕಂಡಿತು. ಒಳಗಿನದನ್ನು ಓದುವ ಮೊದಲೇ ಏನೋ ಆಗಿಹೋಗಿದೆ ಎಂದುಕೊಂಡೆ. ಓದಿ ಕೂಡಲೇ ಕೊಳಕ್ಕೆ ಓಡಿದೆ. ಸುಳ್ಳೇಕೆ, ಸ್ಟಾಪ್‌ವಾಚ್ ಕೈಯಲ್ಲೇ ಇತ್ತು.

ಅವಳು ಆಗಲೇ ಈಜುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಆದರೂ ಹಿಂದೆಂದೂ ಕಾಣದ ವೇಗ. ಕಡೆಯ ಸುತ್ತು ಮುಗಿಸಿ ಗೋಡೆ ಮುಟ್ಟಿದಾಗ ಮುಳ್ಳು ನೋಡಿದೆ. ಗುರಿ ಸಿಕ್ಕಿತ್ತು, ಒಂದು ಎವೆ ಬಡಿಯುವಷ್ಟು ಮುಂಚೆಯೇ. ನಾನು ಕುಣಿಯಬೇಕಿತ್ತು. ಕೂಗಿ ಹೇಳಲು ಅಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ಲೇನಿನ ಅಂಚಿನಲ್ಲಿ ನೀರು ಏರುತ್ತ ಇಳಿಯುತ್ತ ಏದುಸಿರು ಬಿಡುತ್ತಿತ್ತು. ಅದು ಮುಖವೆತ್ತಿ ನನ್ನನ್ನು ನೋಡುತ್ತಿದೆ ಎಂದು ನನಗೆ ಅನ್ನಿಸಿತು. ಗೆದ್ದವಳ ಮುಖವಲ್ಲ ಅದು. ಚಿಕ್ಕಂದಿನಲ್ಲಿ ಜ್ವರ ಬಂದಾಗ ನೀನು ಹಾಗೆ ನೋಡುತ್ತಿದ್ದೆ.

ಸೀಟಿ ಬಾಯಿಗಿಟ್ಟೆ. ಮೊದಲ ಸಲ ಬರೀ ಗಾಳಿ ಬಂತು. ಆಮೇಲೆ ಊದಿದೆ. ಎರಡು, ಸಣ್ಣದಾಗಿ.

ಏಣಿಯ ಬಳಿ ನೀರು ಉಬ್ಬಿತು. ಒಂದು ಒದ್ದೆ ಹೆಜ್ಜೆ ಅಂಚಿನ ಮೇಲೆ ಮೂಡಿತು, ಆಮೇಲೆ ಇನ್ನೊಂದು. ನಿನ್ನದೇ ಪಾದ. ನನ್ನ ಎದುರಿಗೆ ಬಂದು ನಿಂತಿತು, ಕಾಲ ಬುಡದಲ್ಲಿ ಬೊಗಸೆಯಷ್ಟು ನೀರು ನಿಂತಿತು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿಗೆ ಬಂದದ್ದು ಇಷ್ಟೇ: "ತಲೆ ಒರೆಸ್ಕೊಂಡು ಹೋಗೇ."

ಕೇಳಲಿಲ್ಲ. ಗೇಟಿಗೆ ಬೀಗ ಹಾಕಿತ್ತು, ಹೆಜ್ಜೆ ಆಚೆ ಬೀದಿಯಲ್ಲೂ ಇತ್ತು. ಬಿಸಿಲಿಗೆ ಬೇಗ ಆರಿತು. ನೀನು ಹೇಗಿದ್ದೀಯ, ಒಂದು ಸಾಲು ಬರಿ. ನಿನ್ನ ಕೈಯಿಂದಲೇ ಬರಿ.

ದೊಡ್ಡಮ್ಮ

ಏಪ್ರಿಲ್ 30

ದೊಡ್ಡಮ್ಮ,

ನೋಡಿ, ನನ್ನದೇ ಅಕ್ಷರ. ಹಾಳೆ ಗರಿಗರಿಯಾಗಿದೆ.

ನೀವು ಬರೆದ ಆ ದಿನದ ಮಾರನೆಯ ಸಂಜೆ ಮೆಟ್ಟಿಲಲ್ಲಿ ಒದ್ದೆ ಕಾಲಿನ ಸದ್ದು ಕೇಳಿತು. ನಾನು ತಲೆಯೆತ್ತಲಿಲ್ಲ. ಬೆನ್ನಿಗೆ ತಣ್ಣಗೆ ಏನೋ ತಗುಲಿತು, ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಅಷ್ಟೇ. ಅವತ್ತಿನಿಂದ ಕೂದಲು ಒಣಗಿದೆ, ಉಸಿರು ಸಲೀಸಾಗಿದೆ. ಮೇಸ್ತ್ರಿ ಮತ್ತೆ ನನ್ನ ಅಂಗೈ ಮುಟ್ಟಿ ನೋಡಿ, ಮಡಚಲು ಹಾಳೆಗಳ ದೊಡ್ಡ ಕಟ್ಟನ್ನೇ ಮುಂದೆ ಇಟ್ಟರು. ನಿಮ್ಮ ಉಪಕಾರ ಮರೆಯಲಾರೆ ಎಂದು ಬರೆದರೆ ನೀವು ಬೈಯುತ್ತೀರಿ. ಆದರೂ ಬರೆದಿದ್ದೇನೆ.

ಒಂದು ಪ್ರಶ್ನೆ. ಬಹಳ ದಿನದಿಂದ ಕೇಳಬೇಕೆಂದಿದ್ದೆ, ಧೈರ್ಯವಿರಲಿಲ್ಲ. ಎಷ್ಟೋ ಜನಕ್ಕೆ ಈಜು ಕಲಿಸಿದ ನೀವು ನೀರಿಗೆ ಇಳಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ನಿಮ್ಮ ಬೆರಳು ಯಾವಾಗಲೂ ನೆನೆದಿರುತ್ತದೆ, ನಿಮ್ಮ ಜಡೆ ಎಂದೂ ಪೂರ್ತಿ ಒಣಗಿದ್ದಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ನೋಡಿಕೊಂಡಾಗ ನಿಮ್ಮ ಕೈ ನೋಡಿದ ಹಾಗೇ ಆಯಿತು. ಒಂದನೇ ಲೇನಿನ ಹಗ್ಗ ಅಲುಗಾಡುವುದು ನಿಜವಾಗಿ ಪಂಪಿನಿಂದಲೇ?

ನಿಮಗೆ ಈಜು ಕಲಿಸಿದವರು ಯಾರು? ಅವರು ನಿಮಗೆ ಎರಡು ಸೀಟಿ ಊದಿದ್ದರೇ?

ಕಪ್ಪೆ

ಮೇ 10

ಕಪ್ಪೆ,

ನಿನ್ನ ಪತ್ರ ಹರಿದು ಹಾಕೋಣ ಎನ್ನಿಸಿತು. ಹಿರಿಯರ ವಿಷಯದಲ್ಲಿ ಮೂಗು ತೂರಿಸುವುದನ್ನು ನಾನು ಕಲಿಸಿರಲಿಲ್ಲ. ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡಿದೆ. ಐದನೆಯ ಮಧ್ಯಾಹ್ನ ಒಂದನೇ ಲೇನಿನ ಮುಂದೆ ಕುರ್ಚಿ ಹಾಕಿಕೊಂಡೆ.

ಅಲ್ಲೂ ಒಬ್ಬಳು ಈಜುತ್ತಿದ್ದಾಳೆ. ಆ ಕಾಲದ ಈಜು, ತಲೆ ಬಹಳ ಮೇಲೆ, ಕಾಲು ಬಹಳ ಗಡುಸು. ಅವಳು ಯಾರೆಂದು ನನಗೆ ಬೇಗ ತಿಳಿಯಿತು.

ಗೋಡೆಯ ಮೇಲಿನ ಆ ಸಮಯ ಮೊದಲು ನಿನಗೆ ಹಾಕಿದ್ದಲ್ಲ. ನಮ್ಮ ಮೇಷ್ಟ್ರು ನನಗೆ ಹಾಕಿದ್ದು. ನಾನು ತಪ್ಪಿದ ದಿನ ಅವರು ಕೊಡೆ ಎತ್ತಿಕೊಂಡು ಗೇಟು ದಾಟಿದರು, ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ಕುಸಿದು ತೀರಿಕೊಂಡರು. ಯಾರೋ ಬಂದು ಹೇಳುವ ತನಕ ನಾನು ನೀರಿನಲ್ಲೇ ಇದ್ದೆ. ಸೀಟಿ ಅವರ ಜೇಬಿನಲ್ಲಿತ್ತು. ಅವರ ಹೆಂಡತಿ ಆಮೇಲೆ ಅದನ್ನು ನನಗೇ ಕೊಟ್ಟರು.

ಅವಳಿಗಾಗಿ ನಾನೇ ಊದಿ ನೋಡಿದೆ. ಎರಡು ಸಣ್ಣ ಸೀಟಿ, ಮತ್ತೆ ಎರಡು, ಉಸಿರು ಹೋಗುವ ತನಕ. ಅವಳು ನಿಲ್ಲಲಿಲ್ಲ. ನನ್ನ ಮಾತನ್ನು ಅವಳು ಎಂದಾದರೂ ಕೇಳಿದ್ದರೆ ತಾನೆ? ಅವಳನ್ನು ಗದರಿಸುವುದಷ್ಟೇ ನನಗೆ ಗೊತ್ತಿತ್ತು. ಅವಳನ್ನು ನೋಡಿದರೆ ನನಗೆ ಈಗ ಅಯ್ಯೋ ಅನ್ನಿಸುತ್ತಿದೆ. ಇಷ್ಟು ವರ್ಷ ಒಂದೇ ಸಮನೆ, ಪಾಪ, ಹುಡುಗಿ.

ಸೀಟಿಯನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಬಾ ಎನ್ನುತ್ತಿಲ್ಲ, ಊದು ಎಂದೂ ಹೇಳುತ್ತಿಲ್ಲ. ಕತ್ತು ಹಗುರಾಗಿ ಒಂಥರಾ ಆಗುತ್ತಿದೆ.

ದೊಡ್ಡಮ್ಮ

ಮೇ 21

ದೊಡ್ಡಮ್ಮ,

ಸೀಟಿ ಕೈಗೆ ಬಂದ ಮಧ್ಯಾಹ್ನವೇ ಊದಿದೆ. ನಿಮ್ಮ ಕೊಳದ ದಿಕ್ಕು ಯಾವುದೆಂದು ಅಂದಾಜು ಮಾಡಿ, ಕಿಟಕಿ ತೆಗೆದು, ಎರಡು ಸಲ. ಮೇಸ್ತ್ರಿಯ ಕೈಯಿಂದ ಅಂಟಿನ ಬ್ರಷ್ಷು ಜಾರಿ ಬಿತ್ತು. ಎಲ್ಲರೂ ನನ್ನನ್ನೇ ನೋಡಿದರು. ಏನೂ ಆಗಲಿಲ್ಲ.

ಮಾರನೆಯ ಸಂಜೆ ಮೆಟ್ಟಿಲಲ್ಲಿ ಸದ್ದಾಯಿತು. ಈ ಸಲ ತಲೆಯೆತ್ತಿ ನೋಡಿದೆ. ಒದ್ದೆ ಹೆಜ್ಜೆಗಳು ಮೇಲೆ ಬಂದವು. ನನ್ನ ಪಾದಕ್ಕಿಂತ ಚಿಕ್ಕವು, ಹುಡುಗಿಯ ಪಾದ. ಬಲಗಾಲಿನಲ್ಲಿ ಕಿರುಬೆರಳಿನ ಗುರುತು ಇರಲಿಲ್ಲ.

ನಾನು ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ. ಮೇಜುಗಳ ನಡುವೆ ಓಡಾಡಿ ಒಂದೊಂದು ಪುಸ್ತಕದ ಮುಂದೆಯೂ ನಿಂತಳು, ಯಾವುದನ್ನೂ ಮುಟ್ಟಲಿಲ್ಲ. ಈಗ ಕಿಟಕಿಯ ಬಳಿ ಇದ್ದಾಳೆ. ಅಲ್ಲಿ ನೆಲ ಒಣಗುತ್ತಲೇ ಇಲ್ಲ. ಇಡೀ ದಿನ ಬೀದಿ ನೋಡುತ್ತಾಳೆಂದು ಕಾಣುತ್ತದೆ. ಗೆಳತಿ ಹೆದರಿ ಮೇಜು ಬದಲಾಯಿಸಿದ್ದಾಳೆ. ನನಗೆ ಹೆದರಿಕೆಯಿಲ್ಲ, ಆದರೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ನನ್ನವಳು ನನ್ನ ಹತ್ತಿರ ಬಂದಳು. ನಿಮ್ಮವಳು ನಿಮ್ಮ ಹತ್ತಿರ ಬರಬೇಕಿತ್ತಲ್ಲವೇ? ರೈಲು ಹತ್ತಿಸಿ ಕರೆದುಕೊಂಡು ಬರಲೇ? ನೀವು ಹೇಗಿದ್ದೀರಿ?

ಕಪ್ಪೆ

ಮೇ 28

ಕಪ್ಪೆ,

ನನ್ನ ಕೈ ಒಣಗಿದೆ. ಬೆರಳ ತುದಿಯಲ್ಲಿ ಸುರುಳಿ ಸುರುಳಿಯಾಗಿ ಗೆರೆಗಳಿವೆ, ಮುದುಕಿಯಾದ ಮೇಲೆ ಮೊದಲ ಸಲ ನೋಡಿದೆ. ಮಧ್ಯಾಹ್ನ ಕೊಳ ಕನ್ನಡಿಯಂತೆ ಬಿದ್ದಿರುತ್ತದೆ. ನಿಜ ಹೇಳುತ್ತೇನೆ, ಆ ಹೊತ್ತು ಕಳೆಯುವುದು ಕಷ್ಟ. ಆಫೀಸಿನ ಗೋಡೆಗೆ ಪೂರ್ತಿ ಸುಣ್ಣ ಬಳಿಸಿದೆ.

ಅವಳನ್ನು ಇಲ್ಲಿಗೆ ಕರೆತರಬೇಡ, ಅಲ್ಲಿ ಇಟ್ಟುಕೊಳ್ಳಲೂ ಬೇಡ. ಬಾಗಿಲು ತೆರೆದಿಡು. ಎಲ್ಲಿಗೆ ಹೋಗುತ್ತಾಳೋ ಹೋಗಲಿ, ನನಗೆ ತಿಳಿಸುವುದೂ ಬೇಡ.

ಹೊರಡುವಾಗ ತಲೆ ಒರೆಸಿಕೊಂಡು ಹೋಗು ಎಂದು ಹೇಳು. ಕೇಳುವುದಿಲ್ಲ. ಆದರೂ ಹೇಳು.

ದೊಡ್ಡಮ್ಮ